ಆನಗೋಡಿನ ಹೆದ್ದಾರಿಯಲ್ಲಿ ನಿಂತುಹೋದ ಓಟ: ಆಟೋಗಳ ಬೆನ್ನ ಮೇಲೆ ಇಂದಿಗೂ ಶಂಕ್ರಣ್ಣ

ದಾವಣಗೆರೆ: ರೈಲ್ವೆ ಸ್ಟೇಷನ್ ಇರಲಿ, ಬಸ್ ಸ್ಟ್ಯಾಂಡ್ ಇರಲಿ, ಆಟೋಗಳು ಸಾಲಾಗಿ ನಿಲ್ಲೋ ಜಾಗದಲ್ಲಿ ಹತ್ತು ನಿಮಿಷ ನಿಂತು ನೋಡಿ. ಒಂದಲ್ಲ ಒಂದು ಆಟೋದ ಹಿಂದೆ, ಇಲ್ಲಾಂದ್ರೆ ಮುಂದಿನ ಗಾಜಿನ ಮೇಲೆ ಶಂಕರ್‌ನಾಗ್ ಸಿಕ್ಕೇ ಸಿಗ್ತಾರೆ. ಕೆದರಿದ ಕೂದಲು, ಕುರುಚಲು ಗಡ್ಡ, ಎದುರಿಗಿದ್ದವರನ್ನು ನೇರವಾಗಿ ನೋಡೋ ಕಣ್ಣು. ಆ ಆಟೋ ಓಡಿಸುವ ಹುಡುಗರಲ್ಲಿ ಎಷ್ಟೋ ಜನ ಹುಟ್ಟುವ ಮೊದಲೇ ಅವರು ತೀರಿಹೋಗಿದ್ದರು. ಅವರ ಹೊಸ ಸಿನಿಮಾಕ್ಕೆ ಥಿಯೇಟರ್ ಮುಂದೆ ಕ್ಯೂ ನಿಲ್ಲೋ ಅದೃಷ್ಟ ಈ ಹುಡುಗರಿಗೆ ಇರಲಿಲ್ಲ. ನೋಡಿದ್ದೆಲ್ಲ ಟಿವಿಯಲ್ಲಿ, ಮೊಬೈಲಿನಲ್ಲಿ. ಆದ್ರೂ ಶಂಕ್ರಣ್ಣ ಅಂತಲೇ ಕರೀತಾರೆ, ಮನೆಯ ದೊಡ್ಡಣ್ಣನನ್ನು ಕರೆದ ಹಾಗೆ.

ಇದು ರಾಜ್ಯದ ಎಲ್ಲ ಊರುಗಳ ಕತೆ. ಆದ್ರೆ ದಾವಣಗೆರೆಗೆ ಈ ನೆನಪು ಸ್ವಲ್ಪ ಹೆಚ್ಚು ಭಾರ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಶಂಕರ್‌ನಾಗ್ ಸಾವಿಗೀಡಾದದ್ದು ನಮ್ಮ ತಾಲ್ಲೂಕಿನ ಆನಗೋಡಿನ ಬಳಿ, ಹೆದ್ದಾರಿಯಲ್ಲಿ. ಅವರು ಹುಟ್ಟಿದ ಊರು ನಮ್ಮದಲ್ಲ, ಬೆಳೆದ ಊರೂ ನಮ್ಮದಲ್ಲ. ಅವರ ಬದುಕಿನ ಕೊನೆಯ ದಿನವಷ್ಟೇ ಈ ಜಿಲ್ಲೆಯ ಪಾಲಿಗೆ ಬಂತು. ಆಗ ಅವರಿಗೆ ಇನ್ನೂ 35 ವರ್ಷ. 36 ತುಂಬಲು ಒಂದೂವರೆ ತಿಂಗಳೂ ಬಾಕಿ ಇರಲಿಲ್ಲ.

ಹೊನ್ನಾವರದ ಹುಡುಗ, ಮುಂಬೈನ ನಾಟಕ

ಶಂಕರ್ ನಾಗರಕಟ್ಟೆ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನಲ್ಲಿ. ತಂದೆ ಸದಾನಂದ, ತಾಯಿ ಆನಂದಿ. ಮನೆಮಾತು ಕೊಂಕಣಿ. ಅಕ್ಕ ಶ್ಯಾಮಲಾ, ಅಣ್ಣ ಅನಂತ್. ನಾಗರಕಟ್ಟೆ ಅನ್ನೋ ಮನೆತನದ ಹೆಸರು ಮುಂದೆ ಚಿಕ್ಕದಾಗಿ ಇಬ್ಬರಿಗೂ ನಾಗ್ ಅಂತಲೇ ಉಳಿಯಿತು.

ಆ ಕಾಲದಲ್ಲಿ ಕರಾವಳಿಯ ಎಷ್ಟೋ ಮನೆಗಳ ಹುಡುಗರಿಗೆ ಕೆಲಸ ಅಂದ್ರೆ ಮುಂಬೈ. ಅನಂತ್ ಮೊದಲು ಹೋದರು, ಶಂಕರ್ ಹಿಂದೆ ಹೋದರು. ಹೊಟ್ಟೆಪಾಡಿಗೆ ಬ್ಯಾಂಕಿನ ಕೆಲಸ ಹಿಡಿದರೂ ಮನಸ್ಸೆಲ್ಲ ನಾಟಕದ ಮೇಲೆ. ಮರಾಠಿ ರಂಗಭೂಮಿ ಆಗ ಭಾರೀ ಜೋರಿನಲ್ಲಿತ್ತು. ಅಲ್ಲಿ ಶಂಕರ್ ಬರೀ ಬಣ್ಣ ಹಚ್ಚಲಿಲ್ಲ. ನಾಟಕ ಹೇಗೆ ಕಟ್ತಾರೆ, ಬೆಳಕು ಎಲ್ಲಿಂದ ಬೀಳಬೇಕು, ಕಡಿಮೆ ದುಡ್ಡಲ್ಲಿ ತಂಡ ನಡೆಸೋದು ಹೇಗೆ ಅನ್ನೋದನ್ನೆಲ್ಲ ಕಲಿತರು. ಮುಂದೆ ಬಾಳಸಂಗಾತಿಯಾದ ಅರುಂಧತಿ ರಾವ್ ಪರಿಚಯ ಆದದ್ದೂ ಅಲ್ಲಿನ ರಂಗಭೂಮಿಯಲ್ಲೇ. ಇಬ್ಬರೂ 1980ರಲ್ಲಿ ಮದುವೆಯಾದರು.

ಪುಣೆಯಲ್ಲಿ ಬ್ರಿಟಿಷ್ ಅಧಿಕಾರಿ ರ‍್ಯಾಂಡ್‌ನನ್ನು ಕೊಂದ ಚಾಪೇಕರ್ ಸಹೋದರರ ಕತೆ ಹೇಳುವ ಮರಾಠಿ ಸಿನಿಮಾ ‘22 ಜೂನ್ 1897’. ಅದರ ಬರವಣಿಗೆಯಲ್ಲಿ ಶಂಕರ್ ಕೈಜೋಡಿಸಿದ್ದರು. ಹಾಗಾಗಿ ಅವರು ಸಿನಿಮಾಕ್ಕೆ ಬಂದದ್ದು ಬರೀ ಮುಖ ಹೊತ್ತುಕೊಂಡಲ್ಲ, ಪೆನ್ನು ಹಿಡಿದುಕೊಂಡೂ ಬಂದರು.

ಮೊದಲ ಕನ್ನಡ ಸಿನಿಮಾಕ್ಕೇ ಅಂತರರಾಷ್ಟ್ರೀಯ ಪ್ರಶಸ್ತಿ

ಕನ್ನಡಕ್ಕೆ ಅವರನ್ನು ಕರೆತಂದದ್ದು ಗಿರೀಶ್ ಕಾರ್ನಾಡ್. ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಗಂಡುಗಲಿ ಪಾತ್ರ. ಹಣ ಕೊಟ್ಟವರ ಪರವಾಗಿ ಕತ್ತಿ ಹಿಡಿಯೋ ಕೂಲಿ ಯೋಧ. ಎದುರಿಗೆ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್. ಕುದುರೆ, ಕತ್ತಿ, ಕಾಡು, ಮಣ್ಣು. ಮಾತಿಗಿಂತ ಮೈ ಹೆಚ್ಚು ಮಾತಾಡುವ ಪಾತ್ರ ಅದು.

1979ರಲ್ಲಿ ದೆಹಲಿಯಲ್ಲಿ ನಡೆದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಈ ಪಾತ್ರಕ್ಕೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಆಗ ಶಂಕರ್‌ಗೆ 24 ವರ್ಷ. ಅಲ್ಲಿಗೆ ಅವರ ಮುಂದಿನ ದಾರಿ ಇದೇ ಅಂತ ಯಾರಾದ್ರೂ ಅಂದುಕೊಳ್ಳಬಹುದಿತ್ತು. ಪ್ರಶಸ್ತಿ ಸಿನಿಮಾ, ವರ್ಷಕ್ಕೆ ಒಂದು ಪಾತ್ರ, ಚಿತ್ರೋತ್ಸವಗಳ ಓಡಾಟ. ಆದ್ರೆ ಆದದ್ದೇ ಬೇರೆ.

‘ಸೀತಾರಾಮು’ ಗೆದ್ದಿತು. ಹಿಂದೆಯೇ ಸಾಲು ಸಾಲು ಹೊಡೆದಾಟದ ಸಿನಿಮಾಗಳು ಬಂದವು. ಅಭಿಮಾನಿಗಳು ಕರಾಟೆ ಕಿಂಗ್ ಅಂತ ಬಿರುದು ಕೊಟ್ಟರು. ಸುಮಾರು ಹನ್ನೆರಡು ವರ್ಷದಲ್ಲಿ 80ಕ್ಕೂ ಹೆಚ್ಚು ಸಿನಿಮಾ. ಎಲ್ಲವೂ ಒಳ್ಳೆ ಸಿನಿಮಾಗಳೇನಲ್ಲ, ಅವರ ಕಟ್ಟಾ ಅಭಿಮಾನಿಗಳೂ ಹಾಗೆ ಹೇಳಲ್ಲ. ಒಂದು ಸೆಟ್ಟಿನಲ್ಲಿ ಹಾರಿ ಒದ್ದು, ಇನ್ನೊಂದು ಸೆಟ್ಟಿಗೆ ಓಡಿ, ರಾತ್ರಿ ನಾಟಕದ ರಿಹರ್ಸಲ್‌ಗೆ ಹೋಗುವ ಮನುಷ್ಯ ಅವರು. ಒಂದು ಕಡೆ ದುಡಿದ ದುಡ್ಡು ಇನ್ನೊಂದು ಕಡೆಯ ಕನಸಿಗೆ ಹೋಗುತ್ತಿತ್ತು.

ಖಾಕಿ ಅಂಗಿಗೆ ಸಿಕ್ಕ ಮರ್ಯಾದೆ

1980ರಲ್ಲಿ ಬಂದ ‘ಆಟೋ ರಾಜ’ದ ಬಗ್ಗೆ ಬೇರೆಯಾಗೇ ಹೇಳಬೇಕು. ವಿಜಯ್ ನಿರ್ದೇಶನ, ರಾಜನ್–ನಾಗೇಂದ್ರ ಸಂಗೀತ, ಗಾಯತ್ರಿ ನಾಯಕಿ. ಕತೆ ಹೊಸದೇನಲ್ಲ. ಬಡ ಹುಡುಗ, ಶ್ರೀಮಂತ ಹುಡುಗಿ, ನಡುವೆ ಅಡ್ಡಿ. ಹಾಡುಗಳು ಇವತ್ತಿಗೂ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೇಳಿಸುತ್ತವೆ.

ಆದ್ರೆ ಚಾಲಕರು ನೋಡಿದ್ದು ಬೇರೆ. ಪ್ಯಾಸೆಂಜರ್ ಜತೆ ಚಿಲ್ಲರೆಗೆ ಜಗಳ, ಪೊಲೀಸರ ಬೈಗುಳ, ಮಾಲೀಕನಿಗೆ ದಿನದ ಬಾಡಿಗೆ. ಊರೆಲ್ಲ ಏ ಆಟೋ ಅಂತ ಕೂಗಿ ಕರೆಯುವ ಕೆಲಸ. ಅಂಥ ಕೆಲಸದವನು ಪರದೆ ಮೇಲೆ ಖಾಕಿ ಅಂಗಿ ಹಾಕ್ಕೊಂಡೇ ಹೀರೋ ಆದ. ಅನ್ಯಾಯ ಕಂಡಲ್ಲಿ ಆಟೋ ನಿಲ್ಲಿಸಿ ಕೆಳಗಿಳಿದ. ಕೆಲಸ ಸಣ್ಣದು, ಮನುಷ್ಯ ಸಣ್ಣವನಲ್ಲ ಅನ್ನೋದನ್ನ ಒಂದು ಮಸಾಲೆ ಸಿನಿಮಾ ಹೇಳಿತು. ಹೇಳಿದವರ ಮುಖದಲ್ಲಿ ನಾಟಕೀಯತೆ ಇರಲಿಲ್ಲ. ಶಂಕರ್ ಸ್ಟ್ಯಾಂಡಿನಲ್ಲಿ ಪಕ್ಕದ ಆಟೋದವನ ಹಾಗೇ ಇದ್ದರು. ಕಪ್ಪು ಅಂದ್ರೆ ಕಪ್ಪಲ್ಲ, ಬಿಳಿ ಅಂದ್ರೆ ಬಿಳಿಯಲ್ಲ. ಬಾಚದ ಕೂದಲು, ಸ್ವಲ್ಪ ಒರಟು ದನಿ.

ಅದಾದ ಮೇಲೆ ರಾಜ್ಯದ ಆಟೋ ಸ್ಟ್ಯಾಂಡುಗಳಿಗೆ, ಚಾಲಕರ ಸಂಘಗಳಿಗೆ ಅವರ ಹೆಸರು ಬಂತು. ನವೆಂಬರ್ 9 ಬಂತು ಅಂದ್ರೆ ಆಟೋಗಳಿಗೆ ಬಾಳೆಕಂಬ, ಹೂವು, ಸ್ಟ್ಯಾಂಡಿನಲ್ಲಿ ಅನ್ನ ಸಂತರ್ಪಣೆ. ಸೆಪ್ಟೆಂಬರ್ 30 ಬಂತು ಅಂದ್ರೆ ಅದೇ ಫೋಟೋಕ್ಕೆ ಹಾರ, ಊದಿನಕಡ್ಡಿ. ಎರಡೂ ದಿನಗಳ ನಡುವೆ ಇರೋದು ನಲವತ್ತು ದಿನ ಅಷ್ಟೇ. ಸಾವಿನ ದುಃಖ ಆರುವಷ್ಟರಲ್ಲಿ ಹುಟ್ಟುಹಬ್ಬ ಬಂದುಬಿಡುತ್ತೆ.

ಪೊಲೀಸ್ ಪಾತ್ರಕ್ಕೂ ಇದೇ ಪ್ರೀತಿ ಸಿಕ್ಕಿತು. 1988ರ ‘ಎಸ್.ಪಿ. ಸಾಂಗ್ಲಿಯಾನ’ ಆಗ ಬೆಂಗಳೂರಿನಲ್ಲಿ ಹೆಸರು ಮಾಡಿದ್ದ ಐಪಿಎಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರ ಹೆಸರಿನ ಮೇಲೇ ಬಂದ ಸಿನಿಮಾ. ನಿರ್ದೇಶಕ ಪಿ. ನಂಜುಂಡಪ್ಪ. ಅದರ ಎರಡನೇ ಭಾಗ ಬಂತು, ನಡುವೆ ‘ಸಿ.ಬಿ.ಐ. ಶಂಕರ್’ ಬಂತು. 1990ರಲ್ಲಿ ಬಂದ ‘ಹೊಸ ಜೀವನ’ ಭರ್ಜರಿ ಓಡಿತು. ಅಂದ್ರೆ ಶಂಕರ್ ಹೋದದ್ದು ಮಾರ್ಕೆಟ್ ಬಿದ್ದ ಮೇಲಲ್ಲ, ಏರುತ್ತಿರುವಾಗಲೇ.

ಕ್ಯಾಮೆರಾ ಹಿಂದಿನ ಶಂಕರ್

ಆಟೋ ಹಿಂದೆ ಫೋಟೋ ಹಾಕಿಸಿದವರಿಗೆಲ್ಲ ಗೊತ್ತಿಲ್ಲದ ಇನ್ನೊಬ್ಬ ಶಂಕರ್ ಇದ್ದರು. ‘ಆಟೋ ರಾಜ’ ಬಂದ ಅದೇ 1980ರಲ್ಲಿ ಅವರು ನಿರ್ದೇಶಕರಾಗಿ ‘ಮಿಂಚಿನ ಓಟ’ ಮಾಡಿದರು. ಕಾರು ಕದಿಯುವವರು, ಜೈಲು, ತಪ್ಪಿಸಿಕೊಳ್ಳುವ ಯತ್ನ. ಅನಂತ್‌ನಾಗ್, ಲೋಕನಾಥ್, ರಮೇಶ್ ಭಟ್ ಜತೆಗಿದ್ದರು. ಕಳ್ಳರ ಕತೆಯನ್ನು ಕಳ್ಳರ ಕಡೆಯಿಂದ, ಮರುಕವಿಟ್ಟು ಹೇಳಿದ ಆ ಚಿತ್ರಕ್ಕೆ ರಾಜ್ಯ ಪ್ರಶಸ್ತಿಗಳು ಬಂದವು. ಮರುವರ್ಷದ ‘ಗೀತಾ’ಕ್ಕೆ ಇಳಯರಾಜ ಸಂಗೀತ. ರಕ್ತದ ಕ್ಯಾನ್ಸರ್ ಬಂದ ಹುಡುಗಿಯ ಪ್ರೇಮಕತೆ. ನಾಯಕಿಯಾಗಿದ್ದವರು ಅರುಂಧತಿ ಅವರ ತಂಗಿ.

1984ರ ‘ಆ್ಯಕ್ಸಿಡೆಂಟ್’ ನೆನೆದಾಗ ದಾವಣಗೆರೆಯ ಜನರಿಗೆ ಒಂಥರಾ ಸಂಕಟ ಆಗುತ್ತೆ. ದೊಡ್ಡ ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ, ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಹತ್ತಿಸುತ್ತಾನೆ. ಅದನ್ನು ಮುಚ್ಚಿಹಾಕಲು ಅಧಿಕಾರ ಏನೆಲ್ಲ ಮಾಡುತ್ತೆ ಅನ್ನೋದೇ ಕತೆ. ರಾಜಕಾರಣಿಯಾಗಿ ಅನಂತ್‌ನಾಗ್, ಬೆನ್ನು ಹತ್ತುವ ಪತ್ರಕರ್ತನಾಗಿ ಶಂಕರ್. ಸಾಮಾಜಿಕ ವಿಷಯದ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಸಿಕ್ಕಿತು. ರಸ್ತೆ ಮೇಲೆ ಹೋದ ಜೀವದ ಬೆಲೆ ಎಷ್ಟು ಅಂತ ಸಿನಿಮಾ ಮಾಡಿದವರು ಆರು ವರ್ಷದ ನಂತರ ರಸ್ತೆಯಲ್ಲೇ ಹೋದರು.

1987ರಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಹಾಕಿಕೊಂಡು ‘ಒಂದು ಮುತ್ತಿನ ಕಥೆ’ ತೆಗೆದರು. ಮುತ್ತು ಹೆಕ್ಕುವವನ ಪಾತ್ರ. ನೀರಿನೊಳಗೆ ಕ್ಯಾಮೆರಾ ಇಳಿಸಿ ಚಿತ್ರೀಕರಿಸೋದು ಕನ್ನಡಕ್ಕೆ ಆಗ ದೊಡ್ಡ ಸಾಹಸ. ಅಣ್ಣಾವ್ರ ಅಭಿಮಾನಿಗಳು ಬಯಸಿದ್ದ ಸಿನಿಮಾ ಅದಾಗಿರಲಿಲ್ಲ. ಆದ್ರೆ ಶಂಕರ್‌ಗೆ ಹೊಸದನ್ನು ಮಾಡದೆ ಇರೋಕೆ ಬರ್ತಿರಲಿಲ್ಲ.

ಪಕ್ಕದ ಜಿಲ್ಲೆಯಲ್ಲಿ ಕಟ್ಟಿದ ಮಾಲ್ಗುಡಿ

ದೇಶಕ್ಕೆಲ್ಲ ಶಂಕರ್ ಗೊತ್ತಾದದ್ದು ಹೊಡೆದಾಟದಿಂದ ಅಲ್ಲ, ‘ಮಾಲ್ಗುಡಿ ಡೇಸ್’ನಿಂದ. ಆರ್.ಕೆ. ನಾರಾಯಣ್ ಬರೆದ ಊರು ಯಾವ ನಕ್ಷೆಯಲ್ಲೂ ಇರಲಿಲ್ಲ. ಶಂಕರ್ ಅದನ್ನು ಹುಡುಕಿಕೊಂಡು ಶಿವಮೊಗ್ಗ ಜಿಲ್ಲೆಯ ಆಗುಂಬೆಗೆ ಬಂದರು. ಮಳೆಯ ಊರು, ಹೆಂಚಿನ ಮನೆಗಳು, ಅಲ್ಲಿನ ದೊಡ್ಡಮನೆ. ಟಿ.ಎಸ್. ನರಸಿಂಹನ್ ನಿರ್ಮಾಣ, ಎಲ್. ವೈದ್ಯನಾಥನ್ ಸಂಗೀತ, ಆರ್.ಕೆ. ಲಕ್ಷ್ಮಣ್ ಗೆರೆಗಳು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಒಂದು ಕಂತಿನಲ್ಲಿ ವಿಷ್ಣುವರ್ಧನ್ ಸಾಮಾನ್ಯ ಗುಮಾಸ್ತನಾಗಿ ಬಂದರು. ದೂರದರ್ಶನದಲ್ಲಿ ಬಂದಾಗ ಉತ್ತರ ಭಾರತದ ಮಕ್ಕಳೂ ಕೂತು ನೋಡಿದರು.

ರೈಲಿನ ದೃಶ್ಯಗಳ ಚಿತ್ರೀಕರಣ ನಡೆದ ಅರಸಾಳು ಸ್ಟೇಷನ್‌ನಲ್ಲಿ ಈಗ ರೈಲ್ವೆ ಇಲಾಖೆ ಮಾಲ್ಗುಡಿ ಮ್ಯೂಸಿಯಂ ಮಾಡಿದೆ. ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಹೋಗುವವರು ಇಳಿದು ನೋಡಬಹುದು. ಶಂಕರ್ ಅವರ ಕೆಲಸದ ಗುರುತು ದಾವಣಗೆರೆಗೆ ಇಷ್ಟು ಹತ್ತಿರ ಇನ್ನೆಲ್ಲೂ ಇಲ್ಲ.

ತಲೆ ತುಂಬ ಪ್ಲಾನುಗಳು

ನಾಟಕವನ್ನು ಅವರು ಬಿಡಲೇ ಇಲ್ಲ. ಬೆಂಗಳೂರಿನಲ್ಲಿ ಸಂಕೇತ್ ತಂಡ ಕಟ್ಟಿದರು. ‘ಅಂಜು ಮಲ್ಲಿಗೆ’, ‘ನೋಡಿ ಸ್ವಾಮಿ ನಾವಿರೋದು ಹೀಗೆ’, ‘ಸಂಧ್ಯಾ ಛಾಯಾ’, ‘ನಾಗಮಂಡಲ’ ಹೀಗೆ ಒಂದರ ಹಿಂದೊಂದು ನಾಟಕ. ಪರದೆ ಮೇಲೆ ಹತ್ತು ಜನರನ್ನು ಹೊಡೆಯುವ ಹೀರೋ ರಂಗದ ಮೇಲೆ ಬಂದಾಗ ಬೇರೆಯೇ ಮನುಷ್ಯ. ಸಂಕೇತ್ ಹೆಸರಲ್ಲೇ ಧ್ವನಿಮುದ್ರಣ ಸ್ಟುಡಿಯೋ ಮಾಡಿದರು. ಅದಕ್ಕೂ ಮುಂಚೆ ಹಾಡು ರೆಕಾರ್ಡ್ ಮಾಡಬೇಕು ಅಂದ್ರೆ ಕನ್ನಡದವರು ಮದ್ರಾಸಿಗೆ ಹೋಗೋದು ಮಾಮೂಲಿಯಾಗಿತ್ತು. ನಮ್ಮ ಕೆಲಸ ನಮ್ಮ ಊರಲ್ಲೇ ಆಗಲಿ ಅನ್ನೋದು ಅವರ ಹಟ.

ಸಿನಿಮಾದ ಆಚೆಗೂ ಅವರ ತಲೆ ಓಡ್ತಿತ್ತು. ಬೆಂಗಳೂರಿಗೆ ಮೆಟ್ರೋ ರೈಲು ಬೇಕು ಅಂತ 1980ರ ದಶಕದಲ್ಲೇ ಯೋಚಿಸಿ, ಸರ್ಕಾರದ ಮುಂದೆ ಇಟ್ಟರು. ನಂದಿ ಬೆಟ್ಟಕ್ಕೆ ರೋಪ್‌ವೇ ಅಂದರು. ಬಡವರಿಗೆ ಕಡಿಮೆ ಖರ್ಚಿನಲ್ಲಿ, ಬೇಗ ಕಟ್ಟಿ ಮುಗಿಸುವ ಮನೆಗಳ ತಂತ್ರಜ್ಞಾನದ ಹಿಂದೆ ಬಿದ್ದರು. ರಾಮಕೃಷ್ಣ ಹೆಗಡೆ ಕಾಲದಲ್ಲಿ ಅಣ್ಣನ ಜತೆ ಜನತಾ ಪಕ್ಷದ ಪರ ಪ್ರಚಾರಕ್ಕೂ ಓಡಾಡಿದರು. ಆಗ ಸಿನಿಮಾದವನಿಗೆ ಯಾಕಪ್ಪ ಈ ಉಸಾಬರಿ ಅಂದುಕೊಂಡವರು ಇದ್ದಿರಬಹುದು. 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಮೊದಲ ಮೆಟ್ರೋ ಓಡಿದಾಗ ಜನ ನೆನೆಸಿಕೊಂಡದ್ದು ಶಂಕರ್ ಅವರನ್ನೂ. ಅಷ್ಟೊತ್ತಿಗೆ ಅವರು ಹೋಗಿ 21 ವರ್ಷ ಆಗಿತ್ತು.

ಆ ಬೆಳಗಿನ ಜಾವ

1990ರ ಸೆಪ್ಟೆಂಬರ್ ಕೊನೆ. ಉತ್ತರ ಕರ್ನಾಟಕದ ಲೋಕಾಪುರದಲ್ಲಿ ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸ. ಲೋಕಾಪುರ ಆಗ ವಿಜಾಪುರ ಜಿಲ್ಲೆಯಲ್ಲಿತ್ತು, ಈಗ ಬಾಗಲಕೋಟೆಗೆ ಸೇರಿದೆ. ಬೆಂಗಳೂರಿನಿಂದ ಅಲ್ಲಿಗೆ ಹೋಗಬೇಕಾದರೆ ತುಮಕೂರು, ಚಿತ್ರದುರ್ಗ ದಾಟಿ ದಾವಣಗೆರೆ ಮೇಲೇ ಹಾಯಬೇಕು. ಶಂಕರ್, ಅರುಂಧತಿ, ಪುಟ್ಟ ಮಗಳು ಕಾವ್ಯ ಕಾರಿನಲ್ಲಿದ್ದರು. ರಾತ್ರಿಯ ಪಯಣ.

ಆಗಿನ ರಾಷ್ಟ್ರೀಯ ಹೆದ್ದಾರಿ 4 ಇಂದಿನ ಹಾಗೆ ಅಗಲವಿರಲಿಲ್ಲ. ನಡುವೆ ಡಿವೈಡರ್ ಇಲ್ಲ, ಹೋಗುವ ಬರುವ ಲಾರಿಗಳೆಲ್ಲ ಒಂದೇ ರಸ್ತೆಯಲ್ಲಿ. ದಾವಣಗೆರೆ ತಲುಪಲು ಕೆಲವೇ ಕಿಲೋಮೀಟರ್ ಇದ್ದಾಗ, ಆನಗೋಡಿನ ಬಳಿ ಕಾರು ಅಪಘಾತಕ್ಕೆ ಸಿಕ್ಕಿತು. ಶಂಕರ್ ಉಳಿಯಲಿಲ್ಲ. ಅರುಂಧತಿ ಅವರಿಗೆ ತೀವ್ರ ಗಾಯ. ಮಗಳು ಉಳಿದಳು.

ದಾವಣಗೆರೆ ಆಗ ಇನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಮೊಬೈಲ್ ಇಲ್ಲ, ನ್ಯೂಸ್ ಚಾನೆಲ್ ಇಲ್ಲ. ಫೋನ್ ಇದ್ದ ಮನೆಗಳೇ ಎಣಿಸುವಷ್ಟು. ಸುದ್ದಿ ಬಾಯಿಂದ ಬಾಯಿಗೆ, ಆಕಾಶವಾಣಿಯಿಂದ ಮನೆಮನೆಗೆ ಹಬ್ಬಿದ ಕಾಲ ಅದು. ಕರಾಟೆ ಕಿಂಗ್ ರಸ್ತೆಯಲ್ಲಿ ಸಾಯೋದು ಹೇಗೆ ಸಾಧ್ಯ ಅಂತ ನಂಬದವರೇ ಹೆಚ್ಚು. ಬೆಂಗಳೂರಿನಲ್ಲಿ ಅಂತಿಮ ದರ್ಶನಕ್ಕೆ ಜನಸಾಗರವೇ ಸೇರಿತು. ಒಪ್ಪಿಕೊಂಡಿದ್ದ ಸಿನಿಮಾಗಳು ಅವರು ಹೋದ ಮೇಲೂ ಒಂದೊಂದಾಗಿ ಬಿಡುಗಡೆಯಾದವು. ಮಣ್ಣಾದ ಮನುಷ್ಯ ಪರದೆ ಮೇಲೆ ಹೊಸ ಸಿನಿಮಾದಲ್ಲಿ ನಗೋದನ್ನು ನೋಡಿ ಅತ್ತವರ ಮಕ್ಕಳೇ ಇವತ್ತು ಆಟೋ ಓಡಿಸ್ತಿದ್ದಾರೆ.

ಉಳಿದವರು ಮಾಡಿದ್ದು

ಅರುಂಧತಿ ನಾಗ್ ಮೈಯ ಗಾಯ, ಮನಸ್ಸಿನ ಗಾಯ ಎರಡನ್ನೂ ಹೊತ್ತುಕೊಂಡು ಮತ್ತೆ ರಂಗಕ್ಕೆ ಬಂದರು. ಬೆಂಗಳೂರಿನಲ್ಲಿ ನಾಟಕಕ್ಕೆ ಅಂತಲೇ ಒಂದು ಒಳ್ಳೆ ರಂಗಮಂದಿರ ಬೇಕು ಅನ್ನೋದು ಇಬ್ಬರೂ ಸೇರಿ ಕಂಡಿದ್ದ ಕನಸು. ವರ್ಷಗಟ್ಟಲೆ ಹಣ ಕೂಡಿಸಿ, ಬಾಗಿಲು ಬಾಗಿಲು ತಟ್ಟಿ, 2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ತೆರೆದರು. ಅಲ್ಲಿ ಈಗ ವರ್ಷವಿಡೀ ನಾಟಕ ನಡೆಯುತ್ತೆ. ದಾವಣಗೆರೆಯಿಂದ ಬೆಂಗಳೂರಿಗೆ ಓದಲು, ದುಡಿಯಲು ಹೋದ ಹುಡುಗರು ಕೂಡ ಅಲ್ಲಿ ಕಡಿಮೆ ಟಿಕೆಟ್ಟಿಗೆ ಕೂತು ನಾಟಕ ನೋಡ್ತಾರೆ. ಆದ್ರೆ ಆ ಶಂಕರ ಮತ್ತು ಆಟೋ ಹಿಂದಿನ ಶಂಕ್ರಣ್ಣ ಒಬ್ಬರೇ ಅಂತ ಎಷ್ಟೋ ಸಲ ಎರಡೂ ಕಡೆಯವರಿಗೆ ಹೊಳೆಯಲ್ಲ.

ಬಹುಶಃ ಅವರನ್ನು ಕಳಕೊಂಡ ನೋವು ಇಷ್ಟು ವರ್ಷವಾದರೂ ಆರದೆ ಇರೋದಕ್ಕೆ ಇದೇ ಕಾರಣ. ಆಟೋದವರು ತಮ್ಮ ಅಣ್ಣನನ್ನು ಕಳಕೊಂಡರು. ನಾಟಕದವರು ಒಬ್ಬ ಸಂಘಟಕನನ್ನು, ಸಿನಿಮಾದವರು ಧೈರ್ಯದ ನಿರ್ದೇಶಕನನ್ನು ಕಳಕೊಂಡರು. ಒಬ್ಬೊಬ್ಬರೂ ಅತ್ತಿದ್ದು ತಮ್ಮ ತಮ್ಮ ಶಂಕರ್‌ಗಾಗಿ. ಅವರು ಇನ್ನೂ ಮಾಡದೆ ಬಿಟ್ಟುಹೋದ ಕೆಲಸಗಳನ್ನು ಮಾತ್ರ ಯಾರೂ ಪೂರ್ತಿ ಲೆಕ್ಕ ಹಾಕಿಲ್ಲ.

ಹಳೇ ಎನ್‌ಎಚ್ 4 ಈಗ ಎನ್‌ಎಚ್ 48 ಆಗಿದೆ. ರಸ್ತೆ ಅಗಲವಾಗಿದೆ, ನಡುವೆ ಡಿವೈಡರ್ ಬಂದಿದೆ. ಆನಗೋಡಿನ ಹತ್ತಿರ ವಾಹನಗಳು ನಿಲ್ಲದೆ ಹೋಗ್ತವೆ. ವೇಗ ಹೆಚ್ಚಾಗಿದೆ, ಅಪಘಾತ ನಿಂತಿಲ್ಲ. ರಾತ್ರಿಯಿಡೀ ಸ್ಟೀರಿಂಗ್ ಹಿಡಿದು ಈ ದಾರಿಯಲ್ಲಿ ಬರುವ ಲಾರಿಯವರು, ಕ್ಯಾಬಿನವರು, ಬೆಳಗಿನ ಜಾವದ ರೈಲಿಗೆ ಪ್ಯಾಸೆಂಜರ್ ಬಿಡಲು ಎದ್ದು ಹೊರಡುವ ಆಟೋದವರು. ಇವರಲ್ಲಿ ಎಷ್ಟೋ ಜನರ ಮುಂದಿನ ಗಾಜಿನ ಮೇಲೆ ಅವರ ಫೋಟೋ ಇದೆ. ಅದೇ ಹೊತ್ತಿನಲ್ಲಿ, ಇದೇ ರಸ್ತೆಯಲ್ಲಿ ಹೋದ ಮನುಷ್ಯನ ಫೋಟೋ ಅದು.